ಬೆಟ್ಟದೂರಿನ ಗಾಳಿಯನ್ನೂ ಅಳೆಯಬೇಕು

ಶರಣರ ದೃಷ್ಟಿಯಲ್ಲಿ ದೇಹವು ಶಿವನ ಆಲಯ. ಉಸಿರು ಆ ಆಲಯದೊಳಗಿನ ನಿತ್ಯ ಸಂಚಾರ. ಕುಡಿಯುವ ನೀರನ್ನು ನಾವು ಸೋಸುತ್ತೇವೆ, ಬೇಯಿಸುವ ಅಕ್ಕಿಯನ್ನು ಆರಿಸುತ್ತೇವೆ. ದಿನಕ್ಕೆ ಸುಮಾರು 20,000 ಬಾರಿ ಒಳಗೆ ಸೆಳೆಯುವ ಗಾಳಿಯನ್ನು ಮಾತ್ರ ವಿಚಾರಿಸುವುದಿಲ್ಲ. ಬೆಟ್ಟದೂರಿನವರಂತೂ ಇನ್ನೂ ನಿಶ್ಚಿಂತರು. ಮಲೆಯ ಗಾಳಿ ಎಂದರೆ ಶುದ್ಧವೇ ಎಂಬುದು ಅವರ ನಂಬಿಕೆ. ಬಹುಪಾಲು ದಿನ ಅದು ನಿಜವೂ ಹೌದು. ಆದರೆ ಅಸ್ತಮಾ ಇರುವ ಮಗುವಿಗೆ, ಹೃದ್ರೋಗವಿರುವ ಹಿರಿಯರಿಗೆ ಉಳಿದ ಕೆಲವು ದಿನಗಳ, ಕೆಲವು ಗಂಟೆಗಳ ಗಾಳಿಯೇ ಮುಖ್ಯ.

ಹಾಲೇರಿಯ ವೀರಶೈವ ಅರಸರು ರಾಜಧಾನಿಯಾಗಿಸಿಕೊಂಡ ಮಡಿಕೇರಿಯನ್ನೇ ನೋಡೋಣ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಈ ಊರು ದಿಣ್ಣೆ, ತಗ್ಗುಗಳ ಮೇಲೆ ಹರಡಿದೆ. ಚಳಿಗಾಲದ ನಿರ್ಮಲ ರಾತ್ರಿಗಳಲ್ಲಿ ನೆಲ ಬೇಗನೆ ತಣಿಯುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಗುಂಟ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ನೀರೊಲೆಯ ಹೊಗೆ, ಕಸ ಸುಟ್ಟ ಹೊಗೆ, ವಾಹನಗಳ ಹೊಗೆ ಮೇಲೇರಲಾರದೆ ಅಲ್ಲಿಯೇ ಉಳಿಯುತ್ತವೆ. ಬಿಸಿಲೇರಿದ ಮೇಲಷ್ಟೇ ಮುಚ್ಚಳ ತೆರೆಯುತ್ತದೆ.

ಈ ಹೊಗೆಯಲ್ಲಿ ಅತ್ಯಂತ ಅಪಾಯಕಾರಿಯಾದುದು ಪಿ.ಎಂ. 2.5 ಎಂಬ ಸೂಕ್ಷ್ಮ ಕಣ. ಕೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತಲೂ ಕಿರಿದಾದ ಇದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿದು, ರಕ್ತಕ್ಕೂ ಸೇರಬಲ್ಲದು. ದಮ್ಮು ಮಾತ್ರವಲ್ಲದೆ ಹೃದಯಾಘಾತ, ಪಾರ್ಶ್ವವಾಯುಗಳಿಗೂ ಇದು ಕಾರಣವಾಗುತ್ತದೆ.

ಅಂಕಿಯನ್ನು ಓದುವ ಬಗೆ

ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಇಂತಹ ಕೇಂದ್ರಗಳ ಅಂಕಿಗಳು ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ದೊರೆಯುತ್ತವೆ. ಸೂಚ್ಯಂಕ 50ರವರೆಗೆ ‘ಉತ್ತಮ’, 100ರವರೆಗೆ ‘ತೃಪ್ತಿಕರ’, 200ರವರೆಗೆ ‘ಮಧ್ಯಮ’. ‘ತೃಪ್ತಿಕರ’ ಎಂದಾಗಲೂ ಸೂಕ್ಷ್ಮ ಪ್ರಕೃತಿಯವರಿಗೆ ಉಸಿರಾಟದ ತೊಂದರೆಯಾಗಬಹುದು. ಘನಮೀಟರ್ ಗಾಳಿಯಲ್ಲಿ ದಿನದ ಸರಾಸರಿ ಪಿ.ಎಂ. 2.5 ಪ್ರಮಾಣಕ್ಕೆ ನಮ್ಮ ದೇಶದ ಮಿತಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 15.

ಈ ಸೂಚ್ಯಂಕವು 24 ಗಂಟೆಗಳ ಸರಾಸರಿಯನ್ನು ಆಧರಿಸಿದ್ದು ಎಂಬುದನ್ನು ಮರೆಯಬಾರದು. ಬೆಳಗಿನ ಮೂರು ಗಂಟೆ ಪಿ.ಎಂ. 2.5 ಪ್ರಮಾಣ 150 ಇದ್ದು, ಉಳಿದ 21 ಗಂಟೆ 20 ಇದೆಯೆಂದು ಭಾವಿಸಿ. ದಿನದ ಸರಾಸರಿ ಸುಮಾರು 36; ವರದಿ ‘ತೃಪ್ತಿಕರ’. ಆದರೆ ಹಿರಿಯರು ವಾಯುವಿಹಾರಕ್ಕೆ ಹೊರಡುವುದು, ಮಕ್ಕಳು ಶಾಲೆಗೆ ನಡೆಯುವುದು ಆ ಮೂರು ಗಂಟೆಗಳಲ್ಲಿಯೇ. ಆದ್ದರಿಂದ ದಿನದ ಅಂಕಿಯೊಡನೆ ಗಂಟೆಯ ಅಂಕಿಯನ್ನೂ ನೋಡಬೇಕು. ಒಂದೇ ಕೇಂದ್ರದ ಅಂಕಿ ಊರಿನ ಎಲ್ಲ ಬೀದಿಗಳ ಗಾಳಿಯನ್ನು ಹೇಳಲಾರದೆಂಬುದೂ ನೆನಪಿರಲಿ. ದಿಣ್ಣೆಯ ಗಾಳಿ ಬೇರೆ, ತಗ್ಗಿನ ಗಾಳಿ ಬೇರೆ.

ಮಂಜು ಮಾಡುವ ಮೋಸ

ಈ ಕೊರತೆಯನ್ನು ತುಂಬಲು ಶಾಲೆ, ಮಠ, ಆಸ್ಪತ್ರೆಗಳಲ್ಲಿ ಕಡಿಮೆ ಬೆಲೆಯ ಸಣ್ಣ ಮಾಪಕಗಳನ್ನು ಇರಿಸಬಹುದು. ಇವು ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದನ್ನು ಅಳೆಯುತ್ತವೆ. ಆದರೆ ತೇವ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ. ಮಂಜಿನ ಹನಿಯನ್ನೂ ಮಾಪಕ ಧೂಳೆಂದು ಎಣಿಸುತ್ತದೆ. ದೊಡ್ಡ ಕೇಂದ್ರಗಳ ಯಂತ್ರಗಳು ಗಾಳಿಯನ್ನು ಬಿಸಿಮಾಡಿ ತೇವ ತೆಗೆದು ಅಳೆಯುತ್ತವೆ. ಸಣ್ಣ ಮಾಪಕಗಳಲ್ಲಿ ಸಾಮಾನ್ಯವಾಗಿ ಆ ಏರ್ಪಾಡಿಲ್ಲ. ಆದ್ದರಿಂದ ಮಂಜು ಕವಿದ ವೇಳೆಯ ಅಂಕಿಯನ್ನು ಕಂಡು ಗಾಬರಿಯಾಗಬಾರದು. ಹೊಸ ಮಾಪಕವನ್ನು ಕೆಲವು ವಾರ ಅಧಿಕೃತ ಕೇಂದ್ರದ ಬಳಿ ಇರಿಸಿ, ಎರಡರ ಅಂಕಿಗಳನ್ನು ಹೋಲಿಸಿ ನೋಡಿದ ಮೇಲೆಯೇ ಬಳಸುವುದು ಕ್ರಮ.

ಮಾಡಬೇಕಾದುದು

ಅಂಕಿ ಏರಿದ ದಿನ ಹಿರಿಯರು, ಗರ್ಭಿಣಿಯರು, ದಮ್ಮಿನ ರೋಗಿಗಳು ಬಿಸಿಲೇರಿದ ಮೇಲೆ ಹೊರಡಲಿ. ಉಸಿರೆಳೆಯುವ ಔಷಧ ಕೈಯಳತೆಯಲ್ಲಿರಲಿ. ಔಷಧವನ್ನು ತಾವಾಗಿ ನಿಲ್ಲಿಸಬಾರದು. ಸೌದೆ ಒಲೆಯ ಮನೆಗಳಲ್ಲಿ ಹೊಗೆ ಹೊರಹೋಗಲು ದಾರಿಯಿರಲಿ. ತರಗೆಲೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕೋಣ. ಪ್ಲಾಸ್ಟಿಕ್ಕನ್ನಂತೂ ಎಂದಿಗೂ ಸುಡದಿರೋಣ.

ನಮ್ಮ ಅಂಗಳದಲ್ಲಿ ಹಚ್ಚಿದ ಬೆಂಕಿಯ ಹೊಗೆ ತಗ್ಗಿನ ಮನೆಯ ತೊಟ್ಟಿಲನ್ನು ತಲುಪುತ್ತದೆ. ಹಸಿದವರಿಗೆ ಅನ್ನವಿಕ್ಕುವ ದಾಸೋಹದ ಪರಂಪರೆ ನಮ್ಮದು. ನೆರೆಯವರ ಉಸಿರಿಗೆ ಶುದ್ಧ ಗಾಳಿಯನ್ನು ಉಳಿಸುವುದೂ ಅದೇ ಧರ್ಮದ ಆಚರಣೆ.