ಸೌರಕೋಶಕ್ಕೆ ನೀಲಿ ಬಣ್ಣವೇಕೆ?

ಮಾಳಿಗೆಗಳ ಮೇಲಿನ ಸೌರಫಲಕಗಳಲ್ಲಿ ಅನೇಕವು ನೀಲಿಯಾಗಿರುವುದನ್ನು ವಾಚಕರು ಕಂಡಿರಬಹುದು. ಅವುಗಳ ಮೂಲದ್ರವ್ಯವಾದ ಸಿಲಿಕನ್ನಿನ ಬಣ್ಣವಾದರೋ ಹೊಳೆಯುವ ಬೂದು. ಆ ಹೊಳಪೇ ನಷ್ಟದ ಗುರುತು: ನಯವಾದ ಬರಿಯ ಸಿಲಿಕನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಪ್ರತಿಫಲಿಸಿಬಿಡುವುದು. ಒಳಹೊಗದ ಬೆಳಕಿನಿಂದ ವಿದ್ಯುತ್ತು ಹುಟ್ಟುವುದೆಂತು?

ಇದಕ್ಕೆ ಪರಿಹಾರವೆಂದರೆ ಸಿಲಿಕನ್ ನೈಟ್ರೈಡಿನ ಲೇಪ. ಅದರ ದಪ್ಪ ಸುಮಾರು 75 ನ್ಯಾನೊಮೀಟರ್; ತಲೆಗೂದಲಿನ ಸಾವಿರದಲ್ಲೊಂದು ಪಾಲೆನ್ನಬಹುದು. ಲೇಪದ ಮೇಲ್ಮೈಯಿಂದ ಒಂದು ಅಲೆ, ತಳದಿಂದ ಇನ್ನೊಂದು ಅಲೆ ಹಿಂದಿರುಗುವುವು. ಲೇಪದೊಳಗಿನ ಬೆಳಕಿನ ತರಂಗದೂರದ ಕಾಲುಭಾಗವೇ ಲೇಪದ ದಪ್ಪವಾಗಿದ್ದರೆ, ತಳಕ್ಕೆ ಹೋಗಿಬಂದ ಅಲೆ ಅರ್ಧ ತರಂಗದೂರದಷ್ಟು ಹಿಂದೆ ಬೀಳುವುದು. ಆಗ ಒಂದರ ಉಬ್ಬು ಇನ್ನೊಂದರ ತಗ್ಗನ್ನು ಕೂಡಿ ಎರಡೂ ಅಳಿಯುವುವು. ಅವುಗಳ ಬಲ ಸಮವಾಗಿರಬೇಕಷ್ಟೆ. ಗಾಳಿಯ ವಕ್ರೀಭವನಾಂಕ 1, ಸಿಲಿಕನ್ನಿನದು ಸುಮಾರು 4. ನೈಟ್ರೈಡಿನದು ಸುಮಾರು 2 ಆಗಿರುವುದು ನಮ್ಮ ಭಾಗ್ಯವೇ ಸರಿ. ಹೀಗೆ ಉಳಿದ ಶಕ್ತಿ ಎಲ್ಲಿಯೂ ನಾಶವಾಗದೆ ಕೋಶದೊಳಕ್ಕೆ ಇಳಿಯುವುದು.

ಆದರೆ ಒಂದು ದಪ್ಪ ಪೂರ್ಣವಾಗಿ ಸಲ್ಲುವುದು ಒಂದೇ ಬಣ್ಣಕ್ಕೆ. ಈ ಲೇಪವನ್ನು 600 ನ್ಯಾನೊಮೀಟರಿನ ಕಿತ್ತಳೆ ಬೆಳಕಿಗೆ ಹೊಂದಿಸಿರುವುದರಿಂದ ನೀಲಿ ಬೆಳಕು ಕೊಂಚ ತಪ್ಪಿಸಿಕೊಂಡು ನಮ್ಮ ಕಣ್ಣನ್ನು ಸೇರುವುದು. ಸಿಲಿಕನ್ನಿನ ಮೇಲ್ಮೈಯನ್ನು ಮೊದಲು ಸೂಕ್ಷ್ಮ ಪಿರಮಿಡ್ಡುಗಳಾಗಿ ಕೊರೆದು ಬಳಿಕ ಲೇಪಿಸಿದ ಕೋಶಗಳಲ್ಲಿ ಆ ನೀಲಿಯೂ ಬಹುಮಟ್ಟಿಗೆ ಸೆರೆಸಿಕ್ಕುವುದು; ಅಂಥವು ಹೆಚ್ಚುಕಡಮೆ ಕಪ್ಪಾಗಿಯೇ ಕಾಣುವುವು.