ಬೆನ್ನಿನ ಬಿಲ್ಲೆಯೂ ಸನ್ನೆಕೋಲಿನ ನಿಯಮವೂ

ಸೊಂಟದ ಬಿಲ್ಲೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದವರ ಬೆನ್ನನ್ನು ನೋಡಿ ಬಂಧುಗಳು ಆಶ್ಚರ್ಯಪಡುವುದುಂಟು. ಗಾಯದ ಉದ್ದ ಎರಡು ಮೂರು ಸೆಂಟಿಮೀಟರು ಮಾತ್ರ! "ಇಷ್ಟೇ ತಾನೆ, ನಾಳೆಯೇ ಮೂಟೆ ಹೊರಬಹುದು" ಎನ್ನುವರು ಕೆಲವರು. "ಬೆನ್ನಿನ ವಿಷಯ, ಮೂರು ತಿಂಗಳು ಮಂಚದಿಂದ ಇಳಿಯಕೂಡದು" ಎನ್ನುವರು ಮತ್ತೆ ಕೆಲವರು. ಎರಡು ಸಲಹೆಗಳೂ ಸರಿಯಲ್ಲ. ಏಕೆಂಬುದನ್ನು ನಾವು ಶಾಲೆಯಲ್ಲಿ ಕಲಿತ ಸನ್ನೆಕೋಲಿನ ನಿಯಮವೇ ಬಹುಮಟ್ಟಿಗೆ ತಿಳಿಸಬಲ್ಲುದು.

ಬೆನ್ನೆಲುಬು ಒಂದೇ ಮೂಳೆಯಲ್ಲ. ಒಂದರ ಮೇಲೊಂದು ಕುಳಿತ ಮಣಿಗಳ ಸಾಲು. ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಬಿಲ್ಲೆಯ ಅಂಚು ಗಟ್ಟಿಯಾದ ನಾರಿನ ಉಂಗುರ. ಒಳಗಿರುವುದು ನೀರಿನಂಶ ಹೆಚ್ಚಾಗಿರುವ ಮೆತ್ತನೆಯ ತಿರುಳು. ಉಂಗುರ ಬಿರಿದರೆ ತಿರುಳು ಹೊರಚಾಚಿ ಪಕ್ಕದ ನರವನ್ನು ಒತ್ತುವುದು. ನೋವು ಸೊಂಟದಿಂದ ಕಾಲಿಗೆ ಇಳಿಯುವುದು. 1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ಈ ಕಾರಣವನ್ನು ಸ್ಪಷ್ಟಪಡಿಸಿ, ಶಸ್ತ್ರಚಿಕಿತ್ಸೆಯಿಂದ ಪರಿಹಾರವುಂಟೆಂದು ತೋರಿಸಿದರು. 1970ರ ದಶಕದಲ್ಲಿ ಈ ಚಿಕಿತ್ಸೆಗೆ ಸೂಕ್ಷ್ಮದರ್ಶಕ ನೆರವಾಯಿತು. 1990ರ ದಶಕದಲ್ಲಿ ಸಣ್ಣ ಕೊಳವೆಯ ಮೂಲಕವೇ ಕೆಲಸ ನಡೆಸುವ ವಿಧಾನ ಬಂದಿತು. ಸ್ನಾಯುಗಳಿಗೆ ಪೆಟ್ಟು ಕಡಿಮೆಯಾದುದರಿಂದ ರೋಗಿ ಅದೇ ದಿನವೋ ಮರುದಿನವೋ ಎದ್ದು ನಡೆಯಬಲ್ಲನು.

ಆದರೆ ತೆಗೆದುಹಾಕಿದ್ದು ಹೊರಚಾಚಿದ ತಿರುಳನ್ನು ಮಾತ್ರ. ಉಂಗುರದ ಬಿರುಕು ಒಳಗೆ ಉಳಿದೇ ಇದೆ. ವಯಸ್ಕರ ಬಿಲ್ಲೆಯಲ್ಲಿ ರಕ್ತನಾಳಗಳು ಬಹಳ ಕಡಿಮೆ. ಆದುದರಿಂದ ಚರ್ಮ ಎರಡು ವಾರಗಳಲ್ಲಿ ಕೂಡಿಕೊಂಡರೂ ಉಂಗುರ ಮಾಯಲು ತಿಂಗಳುಗಳೇ ಬೇಕು. ಚಿಕಿತ್ಸೆ ಪಡೆದ 100 ಮಂದಿಯಲ್ಲಿ ಸುಮಾರು 5ರಿಂದ 15 ಮಂದಿಗೆ ತಿರುಳು ಮತ್ತೆ ಹೊರಬರುವುದುಂಟು.

ಈಗ ಲೆಕ್ಕ ಮಾಡೋಣ. ಬಿಲ್ಲೆಯನ್ನು ಸನ್ನೆಕೋಲಿನ ಆಧಾರಬಿಂದು ಎನ್ನೋಣ. ಅದರ ಮುಂದೆ 40 ಸೆಂಟಿಮೀಟರು ದೂರದಲ್ಲಿ 20 ಕಿಲೋಗ್ರಾಂ ಮೂಟೆಯಿದೆ. ಹಿಂದೆ ಸುಮಾರು 5 ಸೆಂಟಿಮೀಟರು ದೂರದಲ್ಲಿ ಬೆನ್ನಿನ ಸ್ನಾಯು ಎಳೆಯುತ್ತದೆ. ಸಮತೋಲಕ್ಕೆ ಸ್ನಾಯುವು 160 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಹಾಕಬೇಕು. ಎರಡೂ ಸೇರಿ ಬಿಲ್ಲೆಯ ಮೇಲೆ 180. ಮೇಲ್ದೇಹದ ಭಾರ ಬೇರೆ! ಮೂಟೆಯನ್ನು 20 ಸೆಂಟಿಮೀಟರಿಗೆ ತಂದರೆ ಸ್ನಾಯುವಿನ ಬಲ 80ಕ್ಕೆ ಇಳಿಯುವುದು.

ಇದು ಬರಿಯ ಕಾಗದದ ಲೆಕ್ಕವಲ್ಲ. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಸ್ವಯಂಸೇವಕನೊಬ್ಬನ ಬಿಲ್ಲೆಯೊಳಗೆ ಒತ್ತಡಮಾಪಕವನ್ನಿಟ್ಟು ಅಳೆದರು. ಮಲಗಿದಾಗ ಒತ್ತಡ 0.1 ಮೆಗಾಪಾಸ್ಕಲ್, ನಿಂತಾಗ 0.5. ಬೆನ್ನು ಬಾಗಿಸಿ 20 ಕಿಲೋಗ್ರಾಂ ಎತ್ತಿದಾಗ 2.3; ಮೊಣಕಾಲು ಮಡಿಸಿ ಎತ್ತಿದಾಗ 1.7.

ಹಾಗಾದರೆ ಮಲಗಿಯೇ ಇರಬಹುದಲ್ಲ ಎಂದು ಕೇಳಬಹುದು. ರಕ್ತನಾಳಗಳಿಲ್ಲದ ಬಿಲ್ಲೆಗೆ ಆಹಾರ ಸುತ್ತಲಿನಿಂದ ವಿಸರಣೆಯ ಮೂಲಕ ಸೇರುತ್ತದೆ. ದೇಹದ ಚಲನೆಯಿಂದ ಅದರ ದ್ರವ ಹೊರಹೋಗಿ ಒಳಬರುತ್ತದೆ. ಹಾಸಿಗೆ ಹಿಡಿದರೆ ಸ್ನಾಯುಗಳು ಸೊರಗುವುವು. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ನಡೆಯುವಾಗಿನ ಒತ್ತಡವಾದರೋ ನಿಂತಾಗಿನದಕ್ಕಿಂತ ಬಹಳ ಹೆಚ್ಚಲ್ಲ. 1999ರಲ್ಲಿ ಅಮೆರಿಕದ ಕ್ಯಾರಗೀ ಮತ್ತು ಸಂಗಡಿಗರು 152 ರೋಗಿಗಳಿಗೆ ಯಾವ ನಿರ್ಬಂಧವನ್ನೂ ಹಾಕದೆ ಪರೀಕ್ಷಿಸಿದಾಗ, ಬಹುಮಂದಿ ಬೇಗನೆ ಕೆಲಸಕ್ಕೆ ಮರಳಿದರು. ದೀರ್ಘ ವಿಶ್ರಾಂತಿ ಅನಗತ್ಯವೆಂದು ಇದು ತೋರಿಸಿತು. ಆದರೂ ಮೊದಲ ಕೆಲವು ವಾರ ಭಾರ ಎತ್ತುವುದು, ಬಾಗುವುದು, ಸೊಂಟ ತಿರುಚುವುದು ಬೇಡವೆಂದು ಅನೇಕ ವೈದ್ಯರು ಹೇಳುತ್ತಾರೆ. ಅವಧಿಯನ್ನು ಚಿಕಿತ್ಸೆ ಮಾಡಿದವರೇ ನಿರ್ಧರಿಸಬೇಕು. ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಜ್ವರ ಬಂದರೆ, ತಡಮಾಡದೆ ಅವರನ್ನು ಕಾಣಬೇಕು.

ನಿಮ್ಮ ಮನೆಯಲ್ಲಿ ಇಂತಹವರೊಬ್ಬರಿದ್ದರೆ ನೀರಿನ ಕೊಡ ಎತ್ತುವ ಕೆಲಸವನ್ನು ಕೆಲವು ವಾರ ನೀವು ವಹಿಸಿಕೊಳ್ಳಿ. ಸಂಜೆಯಾದೊಡನೆ ಅವರನ್ನು ಮಂಚದಿಂದ ಎಬ್ಬಿಸಿ, ಜೊತೆಯಲ್ಲಿ ಬೀದಿಯ ತುದಿಯವರೆಗೆ ನಡೆದು ಬನ್ನಿ.