ನಿಮಗಿದು ಗೊತ್ತೇ? ಪೀಣ್ಯದಿಂದ ಚಂದ್ರನವರೆಗೆ ರೋಬೊ ಪಾಠ

ಬೆಂಗಳೂರಿನ ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಐದನೇ ನಿಲ್ದಾಣ ಪೀಣ್ಯ. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಓಡಾಡಿದ 26 ಕಿಲೊ ತೂಕದ ಪ್ರಜ್ಞಾನ್ ರೋವರ್‌ಗೆ ‘ಹೀಗೆ ಹೋಗು’ ಎಂಬ ಆದೇಶ ಹೊರಟದ್ದು ಅಲ್ಲಿರುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರದಿಂದ!

ಪ್ರಜ್ಞಾನ್‌ಗೆ ಭೂಮಿಯೊಂದಿಗೆ ನೇರ ಮಾತಿರಲಿಲ್ಲ. ಅದು ವಿಕ್ರಮ್ ಲ್ಯಾಂಡರ್‌ಗೆ ಹೇಳಬೇಕು, ವಿಕ್ರಮ್ ಅದನ್ನು ಕೆಂಗೇರಿಯಾಚೆಯ ಬ್ಯಾಲಾಳುವಿಗೆ ಮುಟ್ಟಿಸಬೇಕು. ಅಲ್ಲಿನ ದೊಡ್ಡ ಆಂಟೆನಾದ ಅಗಲ 32 ಮೀಟರ್.

ರೋವರ್‌ನ ವೇಗ ಸೆಕೆಂಡಿಗೆ ಬರೀ 1 ಸೆಂಟಿಮೀಟರ್. ಆಗಸ್ಟ್ 27ರಂದು 4 ಮೀಟರ್ ಅಗಲದ ಕುಳಿ ಎದುರಾಯಿತು. ಇನ್ನೂ 3 ಮೀಟರ್ ದೂರವಿದ್ದಾಗಲೇ ಅದನ್ನು ಕಂಡು, ಬಂದ ದಾರಿಯಲ್ಲೇ ತಿರುಗಿಸಿದರು. ನೋಡು, ನಿರ್ಧರಿಸು, ತಿರುಗು: ಶಾಲೆಯ ಮಕ್ಕಳ ಮೊದಲ ರೋಬೊ ಕಾರಿಗೂ ಇದೇ ಪಾಠ.

ಆ ಕಾರಿನ ಮೂತಿಯಲ್ಲಿ ಜೋಡಿ ಕಣ್ಣಿನಂತಿರುವ ಅಲ್ಟ್ರಾಸಾನಿಕ್ ಸೆನ್ಸರ್ ನೋಡುವುದಿಲ್ಲ, ಕೂಗುತ್ತದೆ! ಸಾಮಾನ್ಯವಾಗಿ 40,000 ಹರ್ಟ್ಸ್‌ನಲ್ಲಿ. ನಮ್ಮ ಕಿವಿಗೆ 20,000 ದಾಟಿದರೆ ಕೇಳದು. ಕೂಗು ಹೋಗಿ ಬರಲು ಹಿಡಿದ ಸಮಯವನ್ನು ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ ಸಿಗುತ್ತದೆ. ಭಾಗಿಸಲು ಮರೆತರೆ? ಗೋಡೆ ಇಮ್ಮಡಿ ದೂರವಿದೆಯೆಂದು ನಂಬಿ ರೋಬೊ ಹೋಗಿ ಗುದ್ದುತ್ತದೆ. ‘ಎರಡರಿಂದ ಯಾಕೆ ಭಾಗಿಸಬೇಕು?’ ಎಂದು ಏಳನೇ ತರಗತಿಯ ಹುಡುಗಿ ತಾನಾಗಿಯೇ ಕೇಳುವುದು ಆಗಲೇ. ಬೋರ್ಡಿನ ಮೇಲೆ ಬರೆದ ಸೂತ್ರಕ್ಕೆ ಈ ಶಕ್ತಿ ಇಲ್ಲ.

ಕಪ್ಪು ಪಟ್ಟಿ ಹಿಡಿದು ಓಡುವ ರೋಬೊದ ಗುಟ್ಟು: ಬಿಳಿ ನೆಲ ಇನ್‌ಫ್ರಾರೆಡ್ ಬೆಳಕನ್ನು ವಾಪಸು ಕಳಿಸುತ್ತದೆ, ಕಪ್ಪು ನುಂಗುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ. ಕಿಟಕಿ ಪಕ್ಕದಲ್ಲಿ ರೋಬೊ ದಾರಿ ತಪ್ಪುವುದು ಅದಕ್ಕೇ.

ಮಕ್ಕಳು ಇಂಥದ್ದನ್ನೆಲ್ಲ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ ಕೇಂದ್ರದ ನೆರವು 20 ಲಕ್ಷ ರೂಪಾಯಿವರೆಗೆ. ಬಳಸುವವರು 6ರಿಂದ 12ನೇ ತರಗತಿಯವರು. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷಗಳಲ್ಲಿ ಇಂಥ 50,000 ಲ್ಯಾಬ್ ಎಂದು 2025ರ ಬಜೆಟ್ ಹೇಳಿದೆ. ಆದರೆ ದಯವಿಟ್ಟು ಕಿಟ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ! ಸುಟ್ಟುಹೋದ ಸೆನ್ಸರ್‌ಗೆ ಬದಲಿ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಕಳೆದುಹೋದ ಕುತೂಹಲಕ್ಕೆ ಸಿಗದು.

2025ರ ಜೂನ್‌ನಿಂದ ಕೇರಳದ ಹತ್ತನೇ ತರಗತಿಯವರೆಲ್ಲರಿಗೂ ರೋಬೊಟಿಕ್ಸ್ ಪಾಠವಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ. ವಿಜಯನಗರ, ಬಸವೇಶ್ವರನಗರದ ಕನ್ನಡ ಶಾಲೆಗಳ ಮಕ್ಕಳಿಗೂ ಅದು ಬೇಗ ಸಿಗಲಿ.

ಕಾಲೇಜು ಸೇರಿದವರಿಗೆ ಇಸ್ರೊದ್ದೇ ರೋಬೊ ಸ್ಪರ್ಧೆಯಿದೆ, ನಡೆಸುವುದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. 2025ರ ಸವಾಲು: ಜಿಪಿಎಸ್ ನೆರವಿಲ್ಲದೆ ತಾನೇ ದಾರಿ ಹುಡುಕಿ ಹಾರುವ ಡ್ರೋನ್. ಮುಂದೆ ಮಂಗಳ ಗ್ರಹದಲ್ಲಿ ಹಾರಬೇಕೆಂದರೆ ಅಲ್ಲಿ ಜಿಪಿಎಸ್ ಇಲ್ಲವಲ್ಲ!